ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಡಿಎಚ್‌ಸಿಪಿಸಿಡಿ ಕಾನ್ಫಿಗ್ ಫೈಲ್ ತಿದ್ದಿ ಸ್ಥಿರ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟರೂ ರೀಬೂಟ್ ಆದ ಮೇಲೆ ಬೇರೆ ವಿಳಾಸ ಬರುತ್ತಿದೆ, ಏಕೆ?

ನೀವು ತಿದ್ದಿರುವ ಆ ಫೈಲನ್ನು ಹೊಸ ರಾಸ್ಪ್‌ಬೆರಿ ಪೈ ಓಎಸ್ ಓದುವುದೇ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ನೆಟ್‌ವರ್ಕ್ ವಿಳಾಸ ನೋಡಿಕೊಳ್ಳುವ ಕೆಲಸ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶದ್ದು. ಹಳೆಯ ಮಾರ್ಗದರ್ಶಿಗಳು ಇನ್ನೂ ಆ ಫೈಲನ್ನೇ ತೋರಿಸುತ್ತವೆ, ಹಾಗಾಗಿ ಈ ಗೊಂದಲ ಸಹಜ.

ಟರ್ಮಿನಲ್‌ನಲ್ಲಿ ಸುಡೊ ಹಾಕಿ ನೆಟ್‌ವರ್ಕ್‌ಮ್ಯಾನೇಜರ್‌ನ ಮೆನುವಾದ ಎನ್‌ಎಂಟಿಯುಐ ತೆರೆಯಿರಿ (sudo nmtui). ನಿಮ್ಮ ಕನೆಕ್ಷನ್ ಆರಿಸಿ, ಐಪಿವಿ4 ಅನ್ನು ಆಟೊಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ಬದಲಿಸಿ. ವಿಳಾಸ 192.168.1.50/24, ಗೇಟ್‌ವೇ 192.168.1.1 (ನಿಮ್ಮ ರೂಟರ್‌ನ ವಿಳಾಸ ಬೇರೆಯಿದ್ದರೆ ಅದು). ನೆಟ್‌ವರ್ಕ್‌ನ ವ್ಯಾಪ್ತಿ ತಿಳಿಸುವ ಕೊನೆಯ /24 ಬಿಡಬೇಡಿ. ಡಿಎನ್‌ಎಸ್ (ತಾಣದ ಹೆಸರನ್ನು ವಿಳಾಸವಾಗಿಸುವ ಸೇವೆ) ಜಾಗವನ್ನು ಖಾಲಿ ಬಿಟ್ಟರೆ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಆದರೆ ಹೆಸರಿನಿಂದ ಯಾವ ತಾಣವೂ ತೆರೆಯುವುದಿಲ್ಲ; ಇಂಟರ್ನೆಟ್ಟೇ ಇಲ್ಲವೆಂದು ಬಹಳ ಮಂದಿ ಮೋಸಹೋಗುವುದು ಇಲ್ಲೇ. ಉಳಿಸಿದ ಮೇಲೆ ಕನೆಕ್ಷನ್ ಮತ್ತೆ ಶುರುವಾಗುವ ತನಕ ಬದಲಾವಣೆ ಜಾರಿಯಾಗದು. ಎಸ್‌ಎಸ್‌ಎಚ್ ಮೂಲಕ, ಅಂದರೆ ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗಿ, ಕೆಲಸ ಮಾಡುತ್ತಿದ್ದರೆ ಡಿಆಕ್ಟಿವೇಟ್ ಒತ್ತಬೇಡಿ, ಕೊಂಡಿ ಕಡಿದುಹೋಗುತ್ತದೆ. ನೇರ ರೀಬೂಟ್ ಮಾಡಿ, ಹೊಸ ವಿಳಾಸಕ್ಕೆ ಲಾಗಿನ್ ಆಗಿ.

ವಿಳಾಸದ ಕೊನೆಗೆ ಆರಿಸುವ ಸಂಖ್ಯೆ ರೂಟರ್ ತಾನೇ ಹಂಚುವ ವ್ಯಾಪ್ತಿಯ ಹೊರಗಿರಲಿ. ರೂಟರ್ 100ರಿಂದ 200ರವರೆಗೆ ಹಂಚುತ್ತಿದ್ದು ನೀವು 120 ಇಟ್ಟುಕೊಂಡರೆ, ಅದೇ ವಿಳಾಸ ಮನೆಯ ಯಾವುದೋ ಫೋನಿಗೂ ಸಿಕ್ಕಿ, ಸಂಪರ್ಕ ಬಿಟ್ಟುಬಿಟ್ಟು ಕೈಕೊಡುತ್ತದೆ.

ನನ್ನನ್ನು ಕೇಳಿದರೆ ಪೈಯನ್ನು ಮುಟ್ಟದೆ ರೂಟರ್‌ನಲ್ಲೇ ಡಿಎಚ್‌ಸಿಪಿ ರಿಸರ್ವೇಶನ್ ಮಾಡುವುದು, ಅಂದರೆ ಪೈಗೆ ಸದಾ ಒಂದೇ ವಿಳಾಸ ಕೊಡುವಂತೆ ರೂಟರ್‌ಗೆ ಹೇಳಿಡುವುದು ಲೇಸು. ಎಸ್‌ಡಿ ಕಾರ್ಡ್ ಬದಲಾದರೂ ವಿಳಾಸ ಉಳಿಯುತ್ತದೆ. ಒಂದು ಎಚ್ಚರ: ರೂಟರ್ ಪೈಯನ್ನು ಗುರುತಿಸುವುದು ಮ್ಯಾಕ್ ವಿಳಾಸ ಎಂಬ ಹಾರ್ಡ್‌ವೇರ್ ಗುರುತಿನಿಂದ; ಕೇಬಲ್ ಪೋರ್ಟ್‌ಗೂ ವೈಫೈಗೂ ಅದು ಬೇರೆ ಬೇರೆ. ಬಳಸುವುದು ಯಾವುದೋ ಅದರದ್ದನ್ನೇ ನಮೂದಿಸಿ.