ಬಾಲಿಯಲ್ಲಿ ಮದುವೆ: ಗದಗಿನಿಂದ ಹೊರಡುವ ಬೀಗರಿಗೆ ಒಂದಿಷ್ಟು ಸಲಹೆ

ಪ್ರಶ್ನೆ: ನನ್ನ ಅಣ್ಣನ ಮಗನ ಮದುವೆ ನಾಲ್ಕು ತಿಂಗಳ ನಂತರ ಇಂಡೋನೇಷ್ಯಾದ ಬಾಲಿಯಲ್ಲಿ ನಿಶ್ಚಯವಾಗಿದೆ. ನಾನು, ಎಂಟನೆಯ ತರಗತಿಯವರೆಗೆ ಓದಿರುವ ನನ್ನ ಹೆಂಡತಿ, 14 ವರ್ಷದ ಮಗ ಮತ್ತು 72 ವರ್ಷದ ತಾಯಿ ಹೋಗಬೇಕೆಂದಿದ್ದೇವೆ. ಯಾರ ಬಳಿಯೂ ಪಾಸ್‌ಪೋರ್ಟ್ ಇಲ್ಲ. ಎರಡು ರಾತ್ರಿಯ ವಸತಿ ಅಣ್ಣನವರದು, ವಿಮಾನದ ಖರ್ಚು ನಮ್ಮದು. ಉಡಿ ತುಂಬುವ ಸಾಮಾನು ಮತ್ತು ಬಂಗಾರ ಒಯ್ಯಬಹುದೇ? ಯಾವುದರಿಂದ ಆರಂಭಿಸಬೇಕು? — ಓದುಗರು, ಗದಗ

ಉತ್ತರ: ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಟಿಕೆಟ್ ತೆಗೆಯಬೇಡಿ. ದರ ಏರುತ್ತದೆಂಬ ಭಯದಿಂದ ಮೊದಲೇ ಟಿಕೆಟ್ ಮಾಡಿಸಿದವರು, ಅಡ್ಡಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಬಗೆಯಾಗಿ, ಟಿಕೆಟ್ಟಿನಲ್ಲಿ ಇನ್ನೊಂದು ಬಗೆಯಾಗಿ ಅಚ್ಚಾಗಿ, ಅದನ್ನು ತಿದ್ದಿಸಲು ಉಳಿತಾಯಕ್ಕಿಂತ ಹೆಚ್ಚು ಹಣ ಕಳೆದುಕೊಳ್ಳುವುದುಂಟು. ನಾಲ್ವರ ಆಧಾರ್, ಪಾನ್, ಶಾಲೆಯ ದಾಖಲೆಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂದು ಈ ವಾರವೇ ನೋಡಿ, ವ್ಯತ್ಯಾಸವಿದ್ದರೆ ಸರಿಪಡಿಸಿಕೊಂಡು, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಕಾಯ್ದಿರಿಸಿ. ವಯಸ್ಕರ 36 ಪುಟಗಳ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ತತ್ಕಾಲ್‌ನಲ್ಲಿ ಇದಕ್ಕೆ 2,000 ರೂಪಾಯಿ ಸೇರುತ್ತದೆ. ನಾಲ್ಕು ತಿಂಗಳು ಕೈಯಲ್ಲಿರುವಾಗ ತತ್ಕಾಲ್ ಬೇಕಿಲ್ಲ. ಮಗನ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯೂ ಅಗತ್ಯ.

ನಿಮ್ಮ ಪತ್ನಿಯವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ (ವಲಸೆ ಹೋಗುವ ಮುನ್ನ ತಪಾಸಣೆ ಅಗತ್ಯ) ಎಂದು ನಮೂದಾಗುತ್ತದೆ. ಅದು ಅನ್ವಯಿಸುವ 18 ದೇಶಗಳ ಪಟ್ಟಿಯಲ್ಲಿ ಇಂಡೋನೇಷ್ಯಾವೂ ಇದೆ. ಇದನ್ನು ನೋಡಿ ‘ನಿಮ್ಮನ್ನು ಬಿಡುವುದಿಲ್ಲ’ ಎಂದು ಹೆದರಿಸುವವರು ಸಿಗುತ್ತಾರೆ. ಆ ನಿರ್ಬಂಧವಿರುವುದು ಉದ್ಯೋಗಕ್ಕಾಗಿ ಹೋಗುವವರಿಗೆ. ಮದುವೆಗೆ ಹೋಗುವವರು ಮರಳುವ ಟಿಕೆಟ್, ವಸತಿಯ ದಾಖಲೆ ಮತ್ತು ಲಗ್ನಪತ್ರಿಕೆಯ ಪ್ರತಿಯನ್ನು ಜೊತೆಗಿಟ್ಟುಕೊಂಡರೆ ಸಾಕು. ತಾಯಿಯವರು 50 ವರ್ಷ ದಾಟಿರುವುದರಿಂದ ಅವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಭಾರತೀಯರಿಗೆ ಬಾಲಿಯಲ್ಲಿ ಇಳಿದ ಮೇಲೆ 30 ದಿನಗಳ ವೀಸಾ ದೊರೆಯುತ್ತದೆ. ಇಂಡೋನೇಷ್ಯಾದ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಮೊದಲೇ ಪಡೆದರೆ ಸರತಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಶುಲ್ಕ ತಲಾ 5,00,000 ರೂಪಯಾ (ಇಂಡೋನೇಷ್ಯಾದ ಹಣ). 2024ರ ಫೆಬ್ರವರಿಯಿಂದ ಬಾಲಿ ಪ್ರಾಂತ್ಯವು ವಿದೇಶಿ ಪ್ರವಾಸಿಗರಿಂದ ಪ್ರತ್ಯೇಕವಾಗಿ 1,50,000 ರೂಪಯಾ ಪಡೆಯುತ್ತಿದೆ. ಸೊನ್ನೆಗಳನ್ನು ಕಂಡು ಗಾಬರಿಯಾಗಬೇಡಿ, ಅಲ್ಲಿಯ ಹಣದ ಬೆಲೆಯೇ ಅಷ್ಟು. ಇಂಥ ನಿಯಮಗಳು ಬದಲಾಗುತ್ತಿರುತ್ತವಾದ್ದರಿಂದ ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಹುಬ್ಬಳ್ಳಿಯಿಂದ ವಿದೇಶಕ್ಕೆ ನೇರ ವಿಮಾನವಿಲ್ಲ. ಬೆಂಗಳೂರಿಗೆ ಹೋಗಲೇಬೇಕು, ಮತ್ತು ತಾಯಿಯವರ ವಯಸ್ಸನ್ನು ನೆನೆದರೆ ಹಿಂದಿನ ದಿನವೇ ಹೋಗಿ ತಂಗುವುದು ಒಳ್ಳೆಯದು. ಬಾಲಿಗೆ ನೇರ ವಿಮಾನ ಸಿಕ್ಕರೆ ನಾಲ್ಕು ಸಾವಿರ ಹೆಚ್ಚಾದರೂ ಅದನ್ನೇ ಹಿಡಿಯಿರಿ. ಸಿಂಗಾಪುರದ ಮೂಲಕ ಹೋಗುವುದಾದರೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಅಗ್ಗವೆಂದು ಎರಡು ಬಿಡಿ ಟಿಕೆಟ್ ತೆಗೆದರೆ ನಡುವೆ ಸಾಮಾನು ಬಿಡಿಸಿಕೊಂಡು ಮತ್ತೆ ಕೊಡಬೇಕಾಗಿ ಬರಬಹುದು, ಅದಕ್ಕಾಗಿ ಹೊರಬರಲು ಸಿಂಗಾಪುರದ ವೀಸಾ ಬೇಕಾಗುತ್ತದೆ.

ಇನ್ನು ಉಡಿಯ ವಿಷಯ. ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಅರಿಶಿನ ಕುಂಕುಮದ ಪೊಟ್ಟಣಗಳಿಗೆ ತೊಂದರೆಯಿಲ್ಲ. ಕೊಬ್ಬರಿ ಬಟ್ಟಲನ್ನು ಮಾತ್ರ ಮನೆಯಲ್ಲೇ ಬಿಡಿ: ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚಿದ್ದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ವಿಮಾನಯಾನದಲ್ಲಿ ಅದನ್ನು ಅಪಾಯಕಾರಿ ವಸ್ತುವೆಂದು ಎಣಿಸುತ್ತಾರೆ. ಹಸಿ ಎಲೆ, ಹೂವು, ಹಣ್ಣು, ಬೀಜ, ಅಕ್ಕಿಯಂಥವು ಸಸ್ಯ ತಪಾಸಣೆಗೆ ಒಳಪಡುತ್ತವೆ. ತೆಂಗು, ಅಕ್ಕಿ, ಹೂವು ಬಾಲಿಯ ಸಂತೆಯಲ್ಲೇ ಹೇರಳವಾಗಿ ಸಿಗುವಾಗ ಗದಗಿನಿಂದ ಹೊತ್ತೊಯ್ಯುವುದರಲ್ಲಿ ಅರ್ಥವಿಲ್ಲ. ದೊಡ್ಡ ಎಚ್ಚರಿಕೆ ಬೇಕಿರುವುದು ಅಂಟಿನ ಉಂಡಿಯ ಬಗ್ಗೆ. ಅದರಲ್ಲಿ ಗಸಗಸೆ ಹಾಕುವ ರೂಢಿಯಿದೆ, ಗಸಗಸೆಯು ಸಿಂಗಾಪುರದಲ್ಲಿಯೂ ದುಬೈಯಲ್ಲಿಯೂ ನಿಷಿದ್ಧ. ಅಲ್ಲಿ ಅದನ್ನು ಮಾದಕವಸ್ತು ಕಾಯ್ದೆಯ ಕಣ್ಣಿನಿಂದ ನೋಡುತ್ತಾರೆ. ಅಜ್ಜಿಯರು ಬೇಸರಪಟ್ಟರೂ ಸರಿಯೇ, ಈ ಮದುವೆಗೆ ಶೇಂಗಾ ಉಂಡಿ ಸಾಕು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಗಟ್ಟಿಯಾಗಿ ಮುಚ್ಚಿದ ಪೊಟ್ಟಣದಲ್ಲಿ ದೊಡ್ಡ ಸೂಟ್‌ಕೇಸಿನಲ್ಲಿಡಿ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಬಂಗಾರವನ್ನು ಕಡಿಮೆ ಒಯ್ಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವವರಿಗೆ ಆಭರಣದ ಮೇಲಿರುವ ಸುಂಕ ರಿಯಾಯಿತಿ, ಮದುವೆಗೆ ಹೋಗಿ ಬರುವವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಮಂಗಳಸೂತ್ರ, ಬಳೆಗಳಿಗಿಂತ ಹೆಚ್ಚಿನ ಒಡವೆ ಒಯ್ಯುವುದೇ ಆದರೆ, ಹೊರಡುವಾಗಲೇ ಬೆಂಗಳೂರು ವಿಮಾನನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ‘ರಫ್ತು ಪ್ರಮಾಣಪತ್ರ’ ಪಡೆದುಕೊಳ್ಳಿ. ಅದಿದ್ದರೆ ಮರಳುವಾಗ ‘ಇದು ಅಲ್ಲಿ ಕೊಂಡದ್ದಲ್ಲ’ ಎಂದು ವಾದಿಸುವ ಪ್ರಸಂಗ ಬರುವುದಿಲ್ಲ. ಇದಕ್ಕೆ ಒಡವೆಯ ಬಿಲ್ಲು, ಮೌಲ್ಯಮಾಪನ ಪತ್ರ, ಫೋಟೋ ಜೊತೆಗಿರಲಿ, ಸಮಯವನ್ನೂ ಹೆಚ್ಚು ಇಟ್ಟುಕೊಳ್ಳಿ.

ತಾಯಿಯವರ ಗುಳಿಗೆಗಳನ್ನು ಡಬ್ಬಿಗೆ ಸುರಿಯದೆ ಪಟ್ಟಿಯಲ್ಲೇ ಒಯ್ಯಿರಿ, ವೈದ್ಯರ ಚೀಟಿ ಜೊತೆಗಿರಲಿ; ನಿದ್ದೆಯ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿಗೆ ಇಂಡೋನೇಷ್ಯಾದಲ್ಲಿ ನಿಯಮ ಬಿಗಿ. ಪ್ರವಾಸ ವಿಮೆ ಮಾಡಿಸುವಾಗ ಅವರಿಗಿರುವ ಕಾಯಿಲೆಗಳನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮು ನಿಲ್ಲುವುದಿಲ್ಲ. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ.

ಅಣ್ಣನವರನ್ನು ಸಂಕೋಚವಿಲ್ಲದೆ ಕೇಳಬೇಕಾದ ಮಾತುಗಳೂ ಇವೆ: ಎರಡು ರಾತ್ರಿಯ ಆಚೆಗಿನ ಕೋಣೆ ಬಾಡಿಗೆ ಯಾರದು, ವಿಮಾನನಿಲ್ದಾಣದಿಂದ ವಾಹನವಿದೆಯೇ, ಶುದ್ಧ ಸಸ್ಯಾಹಾರದ ಅಡುಗೆ ಎಷ್ಟು ಹೊತ್ತಿಗೆ ಉಂಟು. ಅಲ್ಲಿಯ ಸಾಂಬಾಲ್ ಚಟ್ನಿಗಳಿಗೆ ಸಿಗಡಿಯಿಂದ ಮಾಡಿದ ‘ತೆರಾಸಿ’ ಸೇರಿಸುವುದು ವಾಡಿಕೆಯಾದ್ದರಿಂದ, ತರಕಾರಿ ಪಲ್ಯವೆಂದು ಕಂಡದ್ದೂ ಸಸ್ಯಾಹಾರವಾಗಿರದೆ ಇರಬಹುದು. ಹೋಟೆಲಿನವರಿಗೆ ಇದನ್ನು ಮದುವೆಯ ಮನೆಯವರೇ ಮೊದಲು ತಿಳಿಸಿರಬೇಕು. ಆಹೇರನ್ನು ಅಲ್ಲಿಗೆ ಒಯ್ಯುವ ಬದಲು ಊರಿನ ಆರತಕ್ಷತೆಯಲ್ಲಿ ಕೊಟ್ಟರೆ ಹೊರೆಯೂ ಇಲ್ಲ, ಕಸ್ಟಮ್ಸ್ ಪ್ರಶ್ನೆಯೂ ಇಲ್ಲ.