ಅಪ್ಪನ ಕ್ಯಾಸೆಟ್ ಜೊತೆ ನುಡಿಸುವಾಗ ಶ್ರುತಿ ಸೇರದಿದ್ದರೆ

ತೀರಿಹೋದ ಅಪ್ಪನ ಪಿಟೀಲಿನ ಕ್ಯಾಸೆಟ್ ಜೊತೆ ಅಣ್ಣ ತಂಗಿ ನುಡಿಸಿದರೆ ಶ್ರುತಿ ಯಾಕೆ ಸೇರಲ್ಲ ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ, ಬಹುಶಃ ಟೇಪ್ ಓಡುವ ವೇಗದ್ದು. ಶೇಕಡಾ 3ರಷ್ಟು ಜಾಸ್ತಿ ಓಡಿದರೂ ಸಾಕು, ಶ್ರುತಿ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ ಹೋಗಿ ಕೂರುತ್ತದೆ.

ಮೊದಲು ಕ್ಯಾಸೆಟ್ಟಿನ ಧ್ವನಿಯನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಆಮೇಲೆ ಬರೀ ಶ್ರುತಿ ಎಳೆಯಬೇಡಿ, ವೇಗವನ್ನೇ ಬದಲಿಸಿ. ಹಿಂದಿನ ತಂಬೂರಿ ಕೇಳ್ತಾ ಇದ್ದರೆ ಅದನ್ನೇ ಹಿಡಿದು ಸರಿಮಾಡಿ. ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಕೊಡುವ ಸಾಧನ) ಮಾತ್ರ ಬೇಡ, ಅಪ್ಪನ ಲಯಕ್ಕೆ ನೀವೇ ಹೋಗಿ. ನೀವು ನುಡಿಸಿದ್ದನ್ನು ರೆಕಾರ್ಡ್ ಮಾಡುವಾಗ ಹೆಡ್‌ಫೋನ್ ಹಾಕಿ, ಇಲ್ಲದಿದ್ದರೆ ಅವರ ಪಿಟೀಲು ನಿಮ್ಮ ಮೈಕಿಗೂ ನುಗ್ಗುತ್ತದೆ.

ಇದು ಹುಚ್ಚು ಅನ್ನೋರಿಗೆ ಅಮೆರಿಕದ ಗಾಯಕಿ ನ್ಯಾಟಲಿ ಕೋಲ್ ಹೆಸರು ಹೇಳಿ. 1965ರಲ್ಲಿ ತೀರಿಕೊಂಡ ತಂದೆ ನ್ಯಾಟ್ ಕಿಂಗ್ ಕೋಲ್ ದನಿಯ ಜೊತೆ 1991ರಲ್ಲಿ ಹಾಡಿದ್ದರಲ್ವಾ, ಗ್ರ್ಯಾಮಿಯೂ ಬಂತು.