ಮೂರನೇ ಸಲ ಸಾಲ ತೀರಿಸೋ ಮೊದಲು

ಪ್ರಶ್ನೆ: ಅಕ್ಕಾ, ನಮ್ಮದು ಕಾರವಾರದ ಹತ್ತಿರ. ಗಂಡನಿಗೆ 34 ವರ್ಷ, ಕಾಂಟ್ರಾಕ್ಟ್ ಕೆಲಸ. ಮೊದಲು ಗೆಳೆಯರ ಜೊತೆ ತಿಂಗಳಿಗೊಮ್ಮೆ ಪಣಜಿಯ ಕ್ಯಾಸಿನೊಗೆ ಹೋಗುತ್ತಿದ್ದರು. ಈಗ ಸಂಬಳ ಬಂದ ರಾತ್ರಿಯೇ ಒಬ್ಬರೇ ಹೊರಡುತ್ತಾರೆ. ಎರಡು ಸಲ ಸಾಲ ತೀರಿಸಿದೆವು, ಒಮ್ಮೆ ನನ್ನ ಬಳೆ ಅಡವಿಟ್ಟು, ಇನ್ನೊಮ್ಮೆ ಅಪ್ಪ ಕೊಟ್ಟ ದುಡ್ಡಿನಲ್ಲಿ. ಎರಡು ಸಲವೂ ಮಗಳ ತಲೆ ಮುಟ್ಟಿ ಆಣೆ ಮಾಡಿದರು. ಈಗ ಮತ್ತೆ 2 ಲಕ್ಷ ಸಾಲ. ಕುಡಿಯೋದಿಲ್ಲ, ಸೇದೋದಿಲ್ಲ, ಮಗಳೆಂದರೆ ಜೀವ. ಮಾವ "ಇದೊಂದು ಸಲ ತೀರಿಸಿಬಿಡೋಣ, ಬುದ್ಧಿ ಬರುತ್ತೆ" ಅನ್ನುತ್ತಾರೆ.

ಉತ್ತರ: ತಂಗಿ, ಸದ್ಯಕ್ಕೆ ಆ ಸಾಲ ಮುಟ್ಟಬೇಡಿ. ಮಾವನವರಿಗೆ ಬೇಜಾರಾಗಬಹುದು, ಆಗಲಿ. ಎರಡು ಸಲ ತೀರಿಸಿ ನೋಡಿದ್ದೀರಿ, ಬುದ್ಧಿ ಬಂತಾ? ಸಾಲ ಪೂರ್ತಿ ತೀರಿದ ದಿನ ನಿಮಗೆ ಹಗುರ ಅನಿಸುತ್ತದೆ, ಅವರ ಒಳಗಿನ ಜೂಜುಗಾರನಿಗೆ ಮಾತ್ರ ಅದು ದೊಡ್ಡದೊಂದು ಆಟ ಗೆದ್ದ ಹಾಗೆ. ಲೆಕ್ಕ ಸೊನ್ನೆಗೆ ಬಂತು, ಮತ್ತೆ ಶುರು ಮಾಡಬಹುದು.

ಇದು ಯಾಕೆ ಹೀಗೆ ಅಂಟಿಕೊಳ್ಳುತ್ತದೆ ಅಂದರೆ, ನಮ್ಮ ಕಡೆಯ ಗಾಳ ಹಾಕುವವರನ್ನೇ ನೋಡಿ. ಹಾಕಿದಾಗಲೆಲ್ಲ ಮೀನು ಸಿಕ್ಕಿದ್ದರೆ ಸಾಕಷ್ಟು ಹಿಡಿದು ಮನೆಗೆ ಹೋಗುತ್ತಿದ್ದರು. ಯಾವಾಗ ಸಿಗುತ್ತದೋ ಗೊತ್ತಿಲ್ಲ, ಅದಕ್ಕೇ ಕತ್ತಲಾಗುವವರೆಗೆ ಕೂರುತ್ತಾರೆ. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳಲ್ಲಿ ಇದನ್ನೇ ಕಂಡರು, ಕಾಳು ಯಾವಾಗ ಬೀಳುತ್ತದೆಂದು ಹೇಳಲಾಗದಾಗ ಅವು ಬಿಡದೆ ಕುಕ್ಕುತ್ತಲೇ ಇದ್ದವು. ಕ್ಯಾಸಿನೊದ ಯಂತ್ರ, ಓಸಿ ಮಟ್ಕಾ, ಜಾತ್ರೆಯ ಗುಡಗುಡಿ ಜೂಜು, ಎಲ್ಲದರ ಒಳಗುಟ್ಟು ಇದೇ. ಇನ್ನೊಂದು, ಸ್ವಲ್ಪದರಲ್ಲಿ ತಪ್ಪಿದ ಆಟವೂ ಮಿದುಳಿಗೆ ಗೆಲುವಿನ ರುಚಿಯನ್ನೇ ಕೊಡುತ್ತದೆ. ಸೋತು ಬಂದ ರಾತ್ರಿ "ಒಂದೇ ನಂಬರ್‌ನಲ್ಲಿ ಹೋಯ್ತು" ಅಂತ ಅವರು ಉತ್ಸಾಹದಿಂದ ಹೇಳಿರಬೇಕು, ಅಲ್ವಾ? ಆಮೇಲೆ, ಹೋದ ದುಡ್ಡನ್ನು ಆಟದಿಂದಲೇ ವಾಪಸ್ ತರುತ್ತೇನೆ ಅನ್ನೋ ಹಟ. ಅಲ್ಲಿಗೆ ಬಂದರೆ ಅದು ಶೋಕಿ ಅಲ್ಲ, ಕಾಯಿಲೆ.

ಕಾಯಿಲೆ ಅಂತ ಸುಮ್ನೆ ಹೇಳುತ್ತಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಜೂಜಿನ ಚಟವನ್ನು ಕುಡಿತ, ಡ್ರಗ್ಸ್ ಇರುವ ಅಧ್ಯಾಯಕ್ಕೇ ಸೇರಿಸಿತು. ಪಾರ್ಕಿನ್ಸನ್ ಕಾಯಿಲೆಯ ಕೆಲವು ಮಾತ್ರೆಗಳಿಂದ, ಅದುವರೆಗೆ ಇಸ್ಪೀಟು ಮುಟ್ಟದವರಿಗೂ ಜೂಜಿನ ಹುಚ್ಚು ಹಿಡಿದದ್ದುಂಟು. ಮಾವನವರಿಗೆ ಇದನ್ನು ಹೇಳಿ. ಕುಡಿದರೆ ಬಾಯಿ ವಾಸನೆ ಬರುತ್ತದೆ, ಕಾಲು ತೂರಾಡುತ್ತದೆ. ಜೂಜಿಗೆ ಎರಡೂ ಇಲ್ಲ, ಹಾಗಾಗಿ ಮನೆಯವರಿಗೆ ಗೊತ್ತಾಗೋದು ಸಾಲಗಾರ ಬಾಗಿಲಿಗೆ ಬಂದಾಗಲೇ.

ಆಣೆ ಹಾಕಿಸಬೇಡಿ, ಮಗಳನ್ನು ಇದರಲ್ಲಿ ಎಳೆಯಬೇಡಿ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಕೇಳಬಹುದು. ಹೋಗೋಕೆ ನಾಚಿಕೆ ಅಂದರೆ ಮೊದಲು 14416ಕ್ಕೆ ಫೋನ್ ಮಾಡಲಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತು. ಯಾವ ಹೊತ್ತಿಗೆ, ಯಾವ ಯೋಚನೆ ಬಂದಾಗ ಕಾಲು ಗೋವಾ ಕಡೆ ತಿರುಗುತ್ತದೆ ಅಂತ ಹಿಡಿದು ಅದನ್ನು ಬದಲಿಸೋದು. ಖಿನ್ನತೆ ಜೊತೆಗಿದ್ದರೆ ಅದಕ್ಕೂ ಔಷಧಿ ಬೇಕಾಗಬಹುದು. ಕುಡಿತದ ಚಟಕ್ಕೆ ಕೊಡುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ, ಆದರೆ ಅದು ಡಾಕ್ಟರು ನೋಡಿ ಹೇಳಬೇಕಾದ್ದು.

ದುಡ್ಡಿನ ವ್ಯವಹಾರ ಈಗ ನಿಮ್ಮ ಕೈಗೆ ಬರಬೇಕು, ಅವರು ಒಪ್ಪಿಯೇ. ಎಟಿಎಂ ಕಾರ್ಡು ನಿಮ್ಮ ಹತ್ತಿರ, ಅವರ ಫೋನಿನಲ್ಲಿ ಯುಪಿಐ ಬೇಡ, ದಿನದ ಖರ್ಚಿಗೆ ನೋಟು. ಸಾಲದ ಪಟ್ಟಿ ಅವರ ಕೈಯಲ್ಲೇ ಬರೆಸಿ, ಒಂದೆರಡು ಸಾಲ ಮುಚ್ಚಿಟ್ಟಿರುತ್ತಾರೆ, ಆ ದಿನ ಕೂಗಾಡಬೇಡಿ. ಚಿಕಿತ್ಸೆ ಶುರುವಾದ ಮೇಲೆ ಅವರ ಸಂಬಳದಿಂದಲೇ, ನೀವೇ ನೇರವಾಗಿ ಸಾಲ ಕೊಟ್ಟವರಿಗೆ ಕಂತು ಕಟ್ಟಿ.

ಒಂದು ಮಾತು ಮುಖ್ಯ. ಇಂಥ ಸಾಲದಲ್ಲಿ ಸಿಕ್ಕವರು ಸಾಯುವ ಯೋಚನೆಗೆ ಬೀಳೋದು ಜಾಸ್ತಿ. "ಸಾಯಬೇಕು ಅನಿಸುತ್ತಿದೆಯಾ?" ಅಂತ ನೇರ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಅದೇ ದಿನ ಆಸ್ಪತ್ರೆಗೆ, ಒಬ್ಬರನ್ನೇ ಬಿಡಬೇಡಿ.

ಪ್ರಶ್ನೆ: ನಾನು ಶಿರಸಿಯವನು, 22 ವರ್ಷ. ದುಡ್ಡು ಕಟ್ಟಿ ಆಡುತ್ತಿದ್ದ ರಮ್ಮಿ ಆ್ಯಪ್, ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿದ 2025ರ ಕಾನೂನು ಬಂದ ಮೇಲೆ ನಿಂತಿತು. ಈಗ ಯಾವುದೋ ಗ್ರೂಪಿನಲ್ಲಿ ಲಿಂಕ್ ಕಳಿಸುತ್ತಾರೆ. ಆಡಿದರೆ ಜೈಲಾ?

ಉತ್ತರ: ಆ ಕಾನೂನಿನಲ್ಲಿ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಇದೆ ತಮ್ಮಾ, ಆಡಿದವರಿಗಿಲ್ಲ. ಆದರೆ ಆ ಲಿಂಕಿನವನು ನಿನ್ನ ದುಡ್ಡು ನುಂಗಿದರೆ ಯಾರ ಮನೆ ಬಾಗಿಲು ತಟ್ಟುತ್ತೀಯಾ? ಗ್ರೂಪಿನಿಂದ ಹೊರಗೆ ಬಾ. ಆಡಬೇಕು ಅನ್ನೋ ತುಡಿತ ಏರುತ್ತದೆ, ಕಾದರೆ ಇಳಿಯುತ್ತದೆ. ಅದು ಬಂದಾಗ ಫೋನು ಅಮ್ಮನ ಕೈಗೆ ಕೊಟ್ಟು ತೋಟಕ್ಕೆ ಒಂದು ಸುತ್ತು ಹೋಗಿ ಬಾ. ಸುತ್ತು ಮುಗಿದ ಮೇಲೂ ಕೈ ತಡೆಯದಿದ್ದರೆ, ಮೇಲೆ ಬರೆದ ನಂಬರ್ ನಿನಗೂ ಅದೇ.